ನರ್ಸಬಾಯಾರ ಮೇಣದ ಬಳ್ಳಿ

ಹನ್ನೆರಡು ದಿನದ ತರಬೇತಿ ಮುಗಿಸಿಕೊಂಡು ಮೊನ್ನೆ ಉಣಕಲ್ಲಿನ ಮನೆಗೆ ಬಂದೆ. ಹೋಗುವಾಗ ಪಕ್ಕದ ಮನೆಯವರ ಕೈಯಲ್ಲಿ ಕೀಲಿ ಕೊಟ್ಟು, ಬಾಲ್ಕನಿಯ ಮನಿಪ್ಲಾಂಟಿಗೆ ಸ್ವಲ್ಪ ನೀರು ಹಾಕಿರಿ ಎಂದು ಹೇಳಿದ್ದೆ. ಅವರು ಬಹಳ ಪ್ರೀತಿಯ ಮಂದಿ. ದಿನಕ್ಕೆ ಎರಡು ಹೊತ್ತು ತುಂಬಿದ ತಂಬಿಗೆ ಹಾಕಿದ್ದಾರೆ. ಬಾಗಿಲು ತೆಗೆದ ಕೂಡಲೇ ಆ ವಾಸನೆ ಮೂಗಿಗೆ ಬಡಿಯಿತು. ಹಳಸಿದ ಅನ್ನ, ಮುಚ್ಚಿಟ್ಟ ಹಸಿ ಬಟ್ಟೆ, ಗಟಾರ… ಮೂರೂ ಕೂಡಿದಂಥದು. ಬೇರು ಕೊಳೆತ ವಾಸನೆ. ಹೆಗಲಿನ ಬ್ಯಾಗು ಇಳಿಸುವುದನ್ನೂ ಮರೆತು ನಿಂತೆ. ನಲವತ್ತರ ಹತ್ತಿರ ಬಂದವಳು, ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುವವಳು, ಒಂದು ಕುಂಡದ ವಾಸನೆಗೆ ಹೀಗೆ ಹೆದರಬೇಕೇ ಎಂದು ನೀವು ಕೇಳಬಹುದು. ಆದರೆ ಆ ವಾಸನೆಯ ಪರಿಚಯ ನನಗೆ ಇಪ್ಪತ್ತೊಂದನೆಯ ವಯಸ್ಸಿನಲ್ಲೇ ಆಗಿತ್ತು.

ಆಗ ನಾನು ಧಾರವಾಡದ ಮಾಳಮಡ್ಡಿಯಲ್ಲಿ, ನಿವೃತ್ತರಾಗಿದ್ದ ಒಬ್ಬ ನರ್ಸಬಾಯಿಯವರ ಮನೆಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಿದ್ದೆ. ಮದುವೆಯಾಗದ, ಒಂಟಿ ಹೆಣ್ಣುಮಗಳು. ಓಣಿಯ ತುಂಬ ಅವರು ನರ್ಸಬಾಯಾರು. ನೆಗಡಿ ಬಂದರೂ, ಮಗುವಿನ ಹೊಕ್ಕಳು ಒದ್ದೆಯಾದರೂ ಮಂದಿ ಮೊದಲು ಅವರ ಕಟ್ಟೆಗೆ ಬರುತ್ತಿದ್ದರು. ಅವರು ಬೈಯುತ್ತಲೇ ನೋಡಿ ಕಳಿಸುತ್ತಿದ್ದರು.

ನಾನು ಗರಗದವಳು. ಅಪ್ಪ ಖಾದಿ ಮಗ್ಗದಲ್ಲಿ ನೇಯುತ್ತಿದ್ದ, ಅವ್ವ ನೂಲುತ್ತಿದ್ದಳು. ಮೇಲೆ ಎರಡು ಎಕರೆ ಎರೆ ಹೊಲ. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಇದನ್ನು ಹೇಳಿಕೊಳ್ಳಲು ನನಗೆ ಇವತ್ತಿಗೂ ಸಂಕೋಚವಿಲ್ಲ. ಆದರೆ ಬಿ.ಎಸ್ಸಿ. ಕೊನೆಯ ವರ್ಷಕ್ಕೆ ಬರುವಷ್ಟರಲ್ಲಿ ಸೋದರತ್ತೆ ಒಂದು ವರ ಹುಡುಕಿ ತಂದು ಕೂತಿದ್ದಳು. ಪರೀಕ್ಷೆ ಮುಗಿಯಲಿ ಎಂದು ನಾನು ಅತ್ತು ಕರೆದ ಮೇಲೆ ಅಪ್ಪ ಒಂದು ಮಾತು ಹೇಳಿದ್ದ. "ನರ್ಸಬಾಯಾರು ಮರ್ಯಾದಸ್ತರು. ಅವರ ಮನ್ಯಾಗ ಇರ್ತೀ ಅಂದ್ರ ಇರು. ಅಲ್ಲಿಂದ ಹೊಂಟಿ ಅಂದ್ರ ಮತ್ತ ಬ್ಯಾರೆ ಖೋಲಿ-ಗೀಲಿ ಇಲ್ಲ. ಸೀದಾ ಗರಗ." ಗರಗಕ್ಕೆ ಹೋದರೆ ಅರಿಷಿಣ ಹಚ್ಚುವುದೇ ಬಾಕಿ. ಹಾಗಾಗಿ ಆ ಹತ್ತಡಿ ಖೋಲಿ ಕೈಯಲ್ಲಿದ್ದರೆ ಮಾತ್ರ ನನ್ನ ಡಿಗ್ರಿ.

ಆ ಮನೆಯ ಪಡಸಾಲೆಯಲ್ಲಿ, ಮೂಡಣ ಕಿಟಕಿಯ ಹತ್ತಿರ, ಒಂದು ಬಳ್ಳಿ ಇತ್ತು. ಕುಂಡ ಚಿಕ್ಕದು, ಬಳ್ಳಿ ಮಾತ್ರ ಉದ್ದ. ಕಿಟಕಿಯ ಸರಳಿನಿಂದ ಇಳಿದು, ಗೋಡೆಗೆ ಹೊಡೆದ ಮೊಳೆಗಳ ಮೇಲೆ ಹಾಯ್ದು, ದೇವರ ಜಗಲಿಯ ಹತ್ತಿರದವರೆಗೆ ಹೋಗಿತ್ತು. ದಪ್ಪ ಎಲೆ, ಮೇಣ ಕರಗಿಸಿ ಹೊಯ್ದಂಥ ಹೊಳಪು. ನರ್ಸಬಾಯಾರು ಅದಕ್ಕೆ ಮೇಣದ ಬಳ್ಳಿ ಎನ್ನುತ್ತಿದ್ದರು. ನೌಕರಿಯ ಮೊದಲ ವರ್ಷಗಳಲ್ಲಿ ತಮ್ಮ ಮೇಟ್ರನ್‌ ಮನೆಯ ವರಾಂಡದಲ್ಲಿ ಅದರ ಹೂ ನೋಡಿದ್ದರಂತೆ. ಎಷ್ಟೋ ವರ್ಷದ ಮೇಲೆ, ಆ ಮೇಟ್ರನ್‌ ತೀರಿಕೊಳ್ಳುವ ಮುಂಚೆ, ಒಂದು ತುಂಡು ಕೇಳಿ ತಂದಿದ್ದರು. ತಂದು ಒಂಬತ್ತು ವರ್ಷ. ಒಂದು ಸಲವೂ ಹೂ ಬಿಟ್ಟಿರಲಿಲ್ಲ. ಹೂ ಹೇಗಿರುತ್ತದೆ ಎಂದು ನಾನು ಕೇಳಿದರೆ, "ಬಾಯಿಲೆ ಹೇಳೂದಲ್ಲ ಅದು. ಬಿಟ್ಟಾಗ ನೋಡಂತಿ," ಎನ್ನುತ್ತಿದ್ದರು.

ಆ ಬೇಸಿಗೆಯಲ್ಲಿ ಮೊದಲ ಸಲ ಬಳ್ಳಿಯ ಒಂದು ಗೆಣ್ಣಿನಲ್ಲಿ ಬೋಳು ಕಡ್ಡಿಯೊಂದು ಬಂತು. ತುದಿಯಲ್ಲಿ ಸಾಸಿವೆ ಕಾಳಿನಷ್ಟು ಮೊಗ್ಗುಗಳು. ಅದೇ ಹೊತ್ತಿಗೆ ಅವರ ಮೊಣಕಾಲಿನ ಆಪರೇಷನ್ನಿಗೆ ಸತ್ತೂರಿನ ಆಸ್ಪತ್ರೆಯಲ್ಲಿ ದಿನ ಸಿಕ್ಕಿತು.

ಹೋಗುವ ಹಿಂದಿನ ದಿನ ನನ್ನನ್ನು ಕುಂಡದ ಮುಂದೆ ನಿಲ್ಲಿಸಿದರು. ಬಳ್ಳಿಯ ಪಕ್ಕ ಒಂದು ರಟ್ಟು ತೂಗುಹಾಕಿದ್ದರು. ಅದಕ್ಕೆ ಕ್ಲಿಪ್ಪು, ಕ್ಲಿಪ್ಪಿನಲ್ಲಿ ಗೆರೆ ಎಳೆದ ಹಾಳೆ. ಅವರು ಅದನ್ನು ಕೇಸ್‌ ಪೇಪರ್‌ ಎನ್ನುತ್ತಿದ್ದರು. ತಾರೀಖು, ಎಲೆ ಹೇಗಿದೆ, ನೀರು ಹಾಕಿದ್ದೋ ಇಲ್ಲವೋ, ಬೇರೆ ಏನು ಮಾಡಿದ್ದು, ಕೊನೆಗೆ ಸಹಿ. ಮನೆಯ ಆರೂ ಕುಂಡಗಳಿಗೆ ಇಂಥ ಒಂದೊಂದು ಹಾಳೆ.

"ನೋಡು ತಂಗಿ, ಈ ಎಲಿ ಹಿಂಗ ಎರಡು ಬೆರಳಾಗ ಹಿಡದು ಮಡಚಬೇಕು. ಬಿರುಸು ಇತ್ತಂದ್ರ ನೀರು ಬ್ಯಾಡ. ಮೆತ್ತಗಾಗಿತ್ತು ಅಂದ್ರ ಅಷ್ಟ ಒಂದು ಲೋಟ. ಕುಂಡ ತಿರಗಸಬ್ಯಾಡ, ಜಾಗಾ ಬದಲಿ ಮಾಡಬ್ಯಾಡ, ಮೊಗ್ಗು ಉದುರ್ತಾವ. ಬೋಳು ಕಡ್ಡಿ ಕಾಣ್ತೈತಿ ಅಂತ ಕತ್ತರಸಬ್ಯಾಡ. ಮುಂದಿನ ವರ್ಷದ ಹೂವೂ ಅದ ಕಡ್ಡೀಲೇ ಬರೂದು. ತಿಳೀತಿಲ್ಲ?"

"ನಾನು ಒಕ್ಕಲುತನ ಮಾಡೋರ ಮನಿ ಹುಡುಗಿ ಅದೀನ್ರಿ ಬಾಯಾರ. ಮತ್ತ ಬಾಟನಿ ಓದಾಕತ್ತೇನಿ. ನನಗ ನೀರು ಹಾಕೂದು ಕಲಸ್ತೀರೇನು?" ಎಂದೆ.

"ಅದಕ್ಕ ಹೆದರಿಕಿ," ಎಂದರು ಅವರು. ನಕ್ಕರು. ಆಮೇಲೆ ಮೊಣಕಾಲು ಸವರಿಕೊಳ್ಳುತ್ತ ಸಣ್ಣ ದನಿಯಲ್ಲಿ, "ಜನ್ಮೆಲ್ಲಾ ಮಂದಿಗೆ ಹೆದರಬ್ಯಾಡ್ರಿ ಹೆದರಬ್ಯಾಡ್ರಿ ಅಂದಾಕಿ. ಈಗ ನನಗ ಹೆದರಿಕಿ ಬಂದೈತಿ ನೋಡು," ಎಂದರು.

ಮೂರನೆಯ ದಿನ ಎಲೆ ಮೆತ್ತಗಾಯಿತು. ನೀರು ಹಾಕುವಾಗ ಬೆರಳಿನಿಂದ ಕುಂಡದ ಮೇಲ್ಭಾಗ ಕೆದಕಿ ನೋಡಿದೆ. ಒಳಗೆ ಮಣ್ಣೇ ಇಲ್ಲ! ಇಟ್ಟಂಗಿ ಚೂರು, ತೆಂಗಿನ ನಾರು, ಇದ್ದಿಲಿನ ಹರಳು. ನನಗೆ ನಿಜವಾಗಿಯೂ ಕನಿಕರ ಬಂತು. ಒಂಬತ್ತು ವರ್ಷ ಈ ಕಸದಲ್ಲಿ ಉಪವಾಸ ಕೆಡವಿದ್ದಾರಲ್ಲ, ಹೂ ಎಲ್ಲಿಂದ ಬರಬೇಕು ಎಂದುಕೊಂಡೆ. ಧಾರವಾಡದ ಪೇಟೆಯ ಮಂದಿಗೆ ಮಣ್ಣಿನ ಬೆಲೆ ಎಲ್ಲಿ ಗೊತ್ತು ಎಂದೂ ಅನಿಸಿತು.

ಆ ರವಿವಾರ ಗರಗಕ್ಕೆ ಹೋದವಳು ನಮ್ಮ ಹೊಲದ ಎರೆ ಮಣ್ಣನ್ನು ಒಂದು ಕೈಚೀಲದ ತುಂಬ ತುಂಬಿಕೊಂಡೆ. ಕಪ್ಪು, ಎಣ್ಣೆ ಹಾಕಿದಂಥ ಮಣ್ಣು. ಒಂದು ಮಳೆ ಕುಡಿದರೆ ತಿಂಗಳುಗಟ್ಟಲೆ ಹಸಿ ಹಿಡಿದಿಟ್ಟುಕೊಂಡು ಕಡಲೆ, ಜೋಳ ಬೆಳೆಯುವ ಮಣ್ಣು. ನಮ್ಮ ಅಪ್ಪನಿಗೆ ಆ ಮಣ್ಣಿನ ಮೇಲೆ ಇದ್ದ ಅಭಿಮಾನ ನಮ್ಮ ಮೇಲೂ ಇರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್‌ ಚೀಲಕ್ಕೆ ಕಾಲು ತಾಗಿಸಿ ನೋಡಿದ. "ಏನವಾ, ಹೊಲಾನ ಕಟಗೊಂಡು ಹೊಂಟೀಯಲ್ಲ! ತವರ ಮನಿ ಪಾಲು ತಗೊಂಡೀಯೇನು?" ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಬಾಯಾರು ತಿರುಗಿ ಬಂದು ಹೂ ನೋಡಿ, ಏನು ಮಾಡಿದಿ ಹುಡುಗಿ ಎಂದು ಕೇಳುವುದು, ನಾನು ಸುಮ್ಮನೆ ನಗುವುದು… ದಾರಿಯುದ್ದಕ್ಕೂ ಇದನ್ನೇ ಕಲ್ಪಿಸಿಕೊಂಡು ಬಂದೆ.

ಕುಂಡದಲ್ಲಿದ್ದದ್ದನ್ನು ಅರ್ಧ ತೆಗೆದು ಎಸೆದು, ಬೇರಿನ ಸುತ್ತ ಎರೆ ಮಣ್ಣು ಒತ್ತಿ ತುಂಬಿದೆ. ನಾವು ಸಸಿ ಹಚ್ಚಿದಾಗ ಮಾಡುವಂತೆ ಮೇಲೆ ಎರಡು ತಂಬಿಗೆ ನೀರು ಹೊಯ್ದೆ. ಆಮೇಲೆ ಹಾಳೆ ತುಂಬಲು ಹೋದರೆ 'ಬೇರೆ ಏನು ಮಾಡಿದ್ದು' ಎಂಬ ಅಂಕಣ ಕಣ್ಣಿಗೆ ಬಿತ್ತು. ಬರೆಯಲಿಲ್ಲ. ಅವರೇ ಬಂದು ನೋಡಲಿ ಎಂದು ಬಿಟ್ಟೆ. ಅಲ್ಲಿಂದ ಮುಂದೆ ಒಂದು ದಿನವೂ ಬರೆಯಲಿಲ್ಲ.

ನಾಲ್ಕನೆಯ ದಿನಕ್ಕೆ ಬುಡದ ಎಲೆ ಹಳದಿಯಾಯಿತು. ಎಲೆ ಹಿಡಿದು ಮಡಚಿದರೆ ಮೆತ್ತಗೆ. ಮೆತ್ತಗಾದರೆ ನೀರು ಎಂದಿದ್ದರಲ್ಲ, ಹಾಕಿದೆ. ಮರುದಿನ ಇನ್ನೂ ಮೆತ್ತಗೆ. ಮತ್ತೆ ಹಾಕಿದೆ. ಕೊಳೆಯುತ್ತಿರುವ ಬೇರು ನೀರು ಹೀರಲಾರದೆ ಎಲೆ ಮೆತ್ತಗಾಗುತ್ತದೆ ಎಂಬುದು ನನಗೆ ತಿಳಿಯಲಿಲ್ಲ. ಬೇರಿಗೂ ಉಸಿರಾಡಲು ಗಾಳಿ ಬೇಕು ಎಂದು ಕಾಲೇಜಿನ ಟೆಸ್ಟಿನಲ್ಲಿ ಚಿತ್ರ ಸಹಿತ ಬರೆದು ಪೂರ್ತಿ ಅಂಕ ತೆಗೆದುಕೊಂಡಿದ್ದೆ! ಹಾಳೆಯ ಮೇಲಿನ ಬೇರು ಬೇರೆ, ಕುಂಡದೊಳಗಿನ ಬೇರು ಬೇರೆ ಎಂದು ತಿಳಿದಿದ್ದೆನೋ ಏನೋ.

ದಿನಾ ಮಧ್ಯಾಹ್ನ ರೊಟ್ಟಿ ಡಬ್ಬಿ ತೆಗೆದುಕೊಂಡು ಸತ್ತೂರಿಗೆ ಹೋಗುತ್ತಿದ್ದೆ. ಬೆಳಗಾವಿಯಿಂದ ಬಂದಿದ್ದ ಅವರ ತಂಗಿ ಮಂಚದ ಪಕ್ಕ ಕೂತಿರುತ್ತಿದ್ದರು. ಬಾಯಾರು ಮೊದಲು ಕೇಳುತ್ತಿದ್ದದ್ದು ಒಂದೇ. "ಬಳ್ಳಿ?"

"ಆರಾಮ ಐತ್ರಿ."

"ಮೊಗ್ಗು?"

"ದೊಡ್ಡವಾಗಾಕತ್ತಾವ್ರಿ."

ಆ ಹೊತ್ತಿಗೆ ಮೊಗ್ಗು ಒಂದೊಂದೇ ಉದುರಿ ನೆಲದ ಮೇಲೆ ಬಿದ್ದಿದ್ದವು. ಕಸಬರಿಗೆಯಿಂದ ಗುಡಿಸಲು ಮನಸ್ಸಾಗದೆ ಕೈಯಿಂದ ಆರಿಸಿ ಒಂದು ಬಟ್ಟಲಲ್ಲಿ ಹಾಕಿಟ್ಟಿದ್ದೆ. ಯಾಕೆ ಹಾಗೆ ಮಾಡಿದೆ, ತಿರುಗಿ ಅಂಟಿಸಲಿಕ್ಕಂತೂ ಆಗುವುದಿಲ್ಲ… ನಾಳೆ ಹೇಳಿಬಿಡೋಣ ಎಂದುಕೊಂಡ ದಿನ ಅವರಿಗೆ ಜ್ವರ ಬಂತು. ಹೊಲಿಗೆ ಹಾಕಿದಲ್ಲಿ ಕೆಂಪಾಗಿತ್ತು. ಜ್ವರ ಇದ್ದವರ ಮುಂದೆ ಹೇಗೆ ಹೇಳಲಿ? ಡಾಕ್ಟರು ಇನ್ನೂ ನಾಲ್ಕು ದಿನ ಇರಬೇಕು ಎಂದರು. ನನಗೆ ಒಳಗೊಳಗೆ ಹಗುರಾಯಿತು. ಅವರ ಜ್ವರದಿಂದ ನನಗೆ ಹಗುರಾಯಿತಲ್ಲ ಎಂದು ನೆನೆದು ಬಸ್ಸಿನಲ್ಲಿ ಕೂತಾಗ ನಾಚಿಕೆಯಾಯಿತು.

ಓದಲು ಕೂತರೆ ಅಕ್ಷರ ಕಾಣುತ್ತಿರಲಿಲ್ಲ. ಬಳ್ಳಿ ಸತ್ತರೆ ಬಾಯಾರು ಖೋಲಿ ಬಿಡಿಸುತ್ತಾರೆ. ಖೋಲಿ ಬಿಟ್ಟರೆ ಗರಗ. ಗರಗಕ್ಕೆ ಹೋದರೆ ಸೋದರತ್ತೆ ಬಾಗಿಲಲ್ಲೇ ಆರತಿ ಹಿಡಿದು ನಿಂತಿರುತ್ತಾಳೆ. ಐದು ನಿಮಿಷಕ್ಕೊಮ್ಮೆ ಪಡಸಾಲೆಗೆ ಎದ್ದು ಹೋಗಿ ಎಲೆ ಹಿಡಿದು ನೋಡುತ್ತಿದ್ದೆ. ಹಿಡಿದು ಹಿಡಿದೇ ಎರಡು ಎಲೆ ಕಿತ್ತು ಕೈಗೆ ಬಂದವು.

ಒಂದು ದಿನ ಜ್ವರ ಇಳಿದಿತ್ತು. ಬಾಯಾರು ದಿಂಬಿಗೆ ಆತು ಕೂತಿದ್ದರು. "ನಾಳೆ ಬರುವಾಗ ಬಳ್ಳಿ ಕೇಸ್‌ ಪೇಪರ್‌ ತಗೊಂಡು ಬಾ. ಹೊತ್ತ ಹೋಗವಲ್ದು, ಓದತೇನಿ," ಎಂದರು.

ಮನೆಗೆ ಬಂದು ಮೇಜಿನ ಮುಂದೆ ಕೂತು ಹೊಸ ಹಾಳೆಗೆ ಗೆರೆ ಎಳೆದೆ. ಹದಿಮೂರು ದಿನದ ಸುಳ್ಳು. ಎಲೆ ಬಿರುಸು, ನೀರು ಇಲ್ಲ. ಎಲೆ ಬಿರುಸು, ನೀರು ಇಲ್ಲ. ಎಲೆ ಮೆತ್ತಗೆ, ನೀರು ಒಂದು ಲೋಟ. ಮೊಗ್ಗು ಚೆನ್ನಾಗಿವೆ. ಪ್ರ್ಯಾಕ್ಟಿಕಲ್‌ ಜರ್ನಲ್‌ ಬರೆದಷ್ಟು ಚಂದ ಬರೆದೆ.

ಮರುದಿನ ಅವರು ಕನ್ನಡಕ ಹಾಕಿಕೊಂಡು ಹಾಳೆಯನ್ನು ಬಹಳ ಹೊತ್ತು ನೋಡಿದರು. ಬೆರಳಿನಿಂದ ಹಿಂಬದಿ ಸವರಿದರು.

"ಯಾವಾಗ ಬರದಿ ಇದನ್ನ?"

"ದಿನಾ ಬರದೇನ್ರಿ."

"ಒಂದ ಪೆನ್ನು, ಒಂದ ಒತ್ತು. ಇಷ್ಟು ದಿನದಾಗ ಒಂದ ಸಲಾನೂ ನಿನ್ನ ಕೈ ಒದ್ದಿ ಇರಲಿಲ್ಲೇನು? ಗಡಿಬಿಡಿ ಇರಲಿಲ್ಲೇನು? ಒಂದ ತಪ್ಪು ಹೊಡದಿಲ್ಲ…" ಕನ್ನಡಕ ತೆಗೆದರು. "ಇಷ್ಟು ಚಂದ ಕೇಸ್‌ ಪೇಪರ್‌ ನನ್ನ ಸರ್ವಿಸಿನ್ಯಾಗ ಒಂದ ಸಲ ನೋಡೇನಿ, ತಂಗಿ. ಆ ಪೇಷಂಟ್‌ ಉಳೀಲಿಲ್ಲ."

ನಾನು ನಿಂತಲ್ಲೇ ಎಲ್ಲ ಹೇಳಿದೆ. ಎರೆ ಮಣ್ಣು, ಎರಡು ತಂಬಿಗೆ, ಹಳದಿ ಎಲೆ, ಎಲ್ಲ. ಹೇಳುತ್ತ ಹೇಳುತ್ತ ಅಳು ಬಂತು. ಅವರು ಯಾಕೆ ಹೀಗೆ ಮಾಡಿದೆ ಎಂದು ಕೇಳಲೇ ಇಲ್ಲ.

"ಬಳ್ಳಿ ಎಲ್ಲೀತನಕ ಮೆತ್ತಗಾಗೇತಿ? ಬುಡದಿಂದ ಎಷ್ಟು ಗೇಣು?"

"ನೋಡಿಲ್ರಿ…"

"ಹೋಗಿ ಮುಟ್ಟಿ ನೋಡು. ಅಳೂದು ಆಮ್ಯಾಲೆ." ಹಾಗೆಂದು ಒಂದೊಂದಾಗಿ ಹೇಳಿದರು. ಕುಂಡದಿಂದ ತೆಗೆ, ಬೇರು ತೊಳಿ, ಕಪ್ಪಾದದ್ದು ಕತ್ತರಿಸು. ಗಟ್ಟಿ ಇದ್ದ ಬಳ್ಳಿಯಲ್ಲಿ ಎರಡು ಗೆಣ್ಣಿನ ತುಂಡು ಮಾಡು. ಹಾಲು ಸೋರುತ್ತದೆ, ಸೋರಲಿ. ನೆರಳಲ್ಲಿ ಒಂದು ದಿನ ಒಣಗಿಸಿ, ಆಮೇಲೆ ಇಟ್ಟಂಗಿ ಚೂರು, ನಾರಿನಲ್ಲಿ ಹಚ್ಚು. ಕತ್ತರಿಯನ್ನು ಮೊದಲು ಕುದಿಯುವ ನೀರಿನಲ್ಲಿ ಅದ್ದು. ದನಿ ಒಂದಿಷ್ಟೂ ಏರಲಿಲ್ಲ. ಕೊನೆಗೆ ಕೇಳಿದರು. "ಮೊಗ್ಗು?"

"ಉದುರಿದಾವ್ರಿ."

ಅವರು ಗೋಡೆಯ ಕಡೆ ಮುಖ ತಿರುಗಿಸಿದರು. ಅವರ ತಂಗಿ, "ಅಕ್ಕಾ, ನೀರು ಕುಡೀತೀಯೇನ?" ಎಂದು ಎರಡು ಸಲ ಕೇಳಿದರು. ನಾನು ಖಾಲಿ ಡಬ್ಬಿ ಹಿಡಿದುಕೊಂಡು ಹೊರಗೆ ಬಂದೆ.

ಕುಂಡ ಬೋರಲು ಹಾಕಿದಾಗ ಆ ವಾಸನೆ ಎದ್ದಿತು. ಎರೆ ಮಣ್ಣು ಬೇರನ್ನು ಮುಷ್ಟಿಯಲ್ಲಿ ಹಿಡಿದ ಹಾಗೆ ಹಿಡಿದುಕೊಂಡಿತ್ತು. ಮೂರು ಬಕೆಟ್‌ ನೀರಿನಲ್ಲಿ ತೊಳೆದರೂ ಬಿಡಲಿಲ್ಲ. ಬೇರು ಬೆರಳಿಗೆ ಲೋಳೆಯಾಗಿ ಬಂತು. ನಮ್ಮ ಅಪ್ಪನ ಮಣ್ಣು, ನಮ್ಮನ್ನೆಲ್ಲ ಸಾಕಿದ ಮಣ್ಣು… ಉಗುರಿನೊಳಗೆ ಹೊಕ್ಕ ಕಪ್ಪನ್ನು ನೋಡುತ್ತ ನಲ್ಲಿಯ ಹತ್ತಿರ ಬಹಳ ಹೊತ್ತು ಕೂತಿದ್ದೆ. ಮೂರು ತುಂಡು ಸಿಕ್ಕವು. ಎರಡು ಕಪ್ಪಾದವು. ಎರಡು ಎಲೆಯ ಒಂದು ತುಂಡು ಮಾತ್ರ ಗಟ್ಟಿ ಉಳಿಯಿತು.

ಬಾಯಾರು ಮನೆಗೆ ಬರುವ ದಿನ ನಾನು ಟ್ರಂಕು ಕಟ್ಟಿ ಬಾಗಿಲ ಹತ್ತಿರ ಇಟ್ಟಿದ್ದೆ. ಹೊರಗೆ ಹಾಕಿಸಿಕೊಳ್ಳುವುದಕ್ಕಿಂತ ನಾನಾಗಿ ಹೋಗುವುದು ಚಲೋ ಎನಿಸಿತ್ತು. ಅವರು ವಾಕರ್‌ ಹಿಡಿದು ನಿಧಾನ ಒಳಗೆ ಬಂದರು. ಗೋಡೆಯ ಖಾಲಿ ಮೊಳೆಗಳನ್ನು ಒಂದೊಂದಾಗಿ ನೋಡಿದರು. ಎರಡು ಎಲೆಯ ಕುಂಡ ನೋಡಿದರು. ಆಮೇಲೆ, "ಖೋಲಿ ಕೀಲಿ ಕೊಡು," ಎಂದರು.

ನನ್ನ ಖೋಲಿಯ ಕೀಲಿ ತೆಗೆದು ಕೊಟ್ಟೆ.

"ಇದಲ್ಲ, ಹುಚ್ಚಿ. ನನ್ನ ಖೋಲೀದು. ಎಷ್ಟೊತ್ತು ನಿಲ್ಲಸ್ತಿ ನನ್ನ?" ಆಗ ಟ್ರಂಕು ಕಣ್ಣಿಗೆ ಬಿತ್ತು. "ಇದ್ಯಾಕ ಇಲ್ಲೈತಿ?"

"ಬಳ್ಳಿ ಹಿಂಗಾತಲ್ರಿ… ಅದಕ್ಕ…"

"ಬಳ್ಳಿ ಸತ್ತರ ಪರೀಕ್ಷಾ ಬಿಡ್ತಾರೇನು ಯಾರರ? ಒಳಗ ಇಡು ಅದನ್ನ. ಓದಕೊ ಹೋಗು."

ಅಷ್ಟೇ. ಬೈಯಲಿಲ್ಲ. ನಾನು ಖೋಲಿಗೆ ಹೋಗಿ ಬಾಗಿಲು ಹಾಕಿಕೊಂಡು ಮನಸಾರೆ ಅತ್ತೆ. ಉಳಿದೆ ಎಂದುಕೊಂಡೆ. ಆದರೆ ಮರುದಿನ ಮುಂಜಾನೆ ವಾಕರಿನ ಟಕ್‌ ಟಕ್‌ ಸದ್ದು ಕೇಳಿ ಹೊರಗೆ ಬಂದರೆ, ಬಾಯಾರು ಒಂದು ಕೈಯಲ್ಲಿ ವಾಕರ್‌, ಒಂದು ಕೈಯಲ್ಲಿ ಲೋಟ ಹಿಡಿದು ಕುಂಡದ ಕಡೆ ಹೋಗುತ್ತಿದ್ದರು. ಅರ್ಧ ನೀರು ನೆಲದ ಮೇಲೆ ಚೆಲ್ಲಿತ್ತು. "ಕೊಡ್ರಿ ಬಾಯಾರ, ನಾ ಹಾಕ್ತೇನಿ," ಎಂದು ಕೈ ಚಾಚಿದೆ. "ನೀ ಓದು," ಎಂದರು. ಪರೀಕ್ಷೆ ಮುಗಿದ ಮೇಲೂ ಅದೇ. ಓದಲು ಏನೂ ಇಲ್ಲದಿದ್ದಾಗಲೂ "ನೀ ಓದು." ನನ್ನ ಕೈಗೆ ರೊಟ್ಟಿ ಹಿಟ್ಟು ಕೊಟ್ಟರು, ಪೆನ್ಷನ್‌ ಪುಸ್ತಕ ಕೊಟ್ಟರು, ಮನೆಯ ಕೀಲಿ ಕೊಟ್ಟರು. ಆ ನೀರಿನ ಲೋಟ ಮಾತ್ರ ಮತ್ತೆಂದೂ ಕೊಡಲಿಲ್ಲ.

ಫಸ್ಟ್‌ ಕ್ಲಾಸ್‌ ಬಂತು. ಅಪ್ಪ ಮಗ್ಗ ನಿಲ್ಲಿಸಿ ಓಣಿಗೆಲ್ಲ ಸಕ್ಕರೆ ಹಂಚಿದ. ಬಿ.ಎಡ್‌.ಗೆ ಸೀಟು ಸಿಕ್ಕಿತು, ವರ ಬೇರೆ ಕಡೆ ಹೋದ. ಖೋಲಿ ಬಿಡುವ ದಿನ ಬಾಯಾರ ಕಾಲಿಗೆ ಬಿದ್ದೆ. ಬಳ್ಳಿ ಆಗ ಒಂದು ಮೊಳ ಆಗಿತ್ತು. "ನನಗೂ ಒಂದು ತುಂಡು ಕೊಡ್ರಿ, ನೆನಪಿಗೆ," ಎಂದೆ.

"ಈಗ ಬ್ಯಾಡ. ಹೂ ಬಿಡ್ಲಿ. ಆವಾಗ ಬಾ, ಕೊಡತೇನಿ."

ಇದ್ದ ಹಾಗೆ ಕೇಳಿಸಿಕೊಂಡರೆ ಅದು ಒಳ್ಳೆಯ ಮಾತೇ. ನನಗೆ ಮಾತ್ರ ಚುಚ್ಚಿತು. ಡಿಗ್ರಿ ಪಡೆದವಳು, ನಾಳೆ ನಾಲ್ಕು ಮಂದಿಗೆ ಕಲಿಸುವವಳು, ಒಂದು ತುಂಡಿಗೂ ಯೋಗ್ಯಳಲ್ಲ ಎಂದಂತೆ ಕೇಳಿಸಿತು. ಕರೆದರೆ ಹೋಗೋಣ ಎಂದುಕೊಂಡೆ. ಅವರು ಕರೆಯುವವರಲ್ಲ, ಅದೂ ನನಗೆ ಗೊತ್ತಿತ್ತು. ನೌಕರಿ ಸಿಕ್ಕಿತು, ಮದುವೆಯಾಯಿತು, ಉಣಕಲ್ಲಿಗೆ ಬಂದೆ. ಮಾಳಮಡ್ಡಿ ಇಲ್ಲಿಂದ ಎಷ್ಟು ದೂರ? ಬಸ್ಸಿನಲ್ಲಿ ಅರ್ಧ ತಾಸು. ಆ ಅರ್ಧ ತಾಸು ನನಗೆ ಇಷ್ಟು ವರ್ಷ ಸಿಗಲಿಲ್ಲ ಎಂದರೆ ಯಾರು ನಂಬುತ್ತಾರೆ… ಅವರು ತೀರಿಕೊಂಡ ಸುದ್ದಿ ಹಳೆಯ ಓಣಿಯವರೊಬ್ಬರು ಮದುವೆಯೊಂದರ ಪಂಕ್ತಿಯಲ್ಲಿ ಹೇಳಿದರು. ಆಗಲೇ ವರ್ಷ ತುಂಬಿತ್ತಂತೆ. ಎಲೆಯ ಮುಂದೆ ಕೂತವಳು ಏಳಲಿಲ್ಲ, ಊಟವನ್ನೂ ಮಾಡಲಿಲ್ಲ.

ಮೊನ್ನೆ ಬಾಲ್ಕನಿ ತೊಳೆದ ಮೇಲೆ ಮನಸ್ಸು ನಿಲ್ಲಲಿಲ್ಲ. ಮರುದಿನ ರಜೆ ಹಾಕಿ ಮಾಳಮಡ್ಡಿಗೆ ಹೋದೆ. ಮನೆ ಹಾಗೇ ಇದೆ, ಬಣ್ಣ ಬೇರೆ. ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬಂದು, "ಯಾರು ಬೇಕಾಗಿತ್ರಿ?" ಎಂದಳು. ಮೊದಲು ಈ ಮನೆಯಲ್ಲಿ ಇದ್ದೆ ಎಂದೆ. ಒಳಗೆ ಕರೆದು ಚಹಾ ಕೊಟ್ಟಳು. ಪಡಸಾಲೆಯ ಗೋಡೆ ನುಣ್ಣಗಿತ್ತು. ಮೊಳೆಯ ತೂತು ಸಹ ಕಾಣದಂತೆ ಮುಚ್ಚಿದ್ದರು. ಈ ಕಿಟಕಿಯಲ್ಲಿ ಒಂದು ಬಳ್ಳಿ ಇತ್ತು, ನೀವು ಬಂದಾಗ ಇತ್ತೇ ಎಂದು ಕೇಳಿದೆ.

"ಯಾವ ಬಳ್ಳಿರಿ? ನಾವು ಬಂದಾಗ ಮನಿ ಪೂರಾ ಖಾಲಿ ಇತ್ರಿ," ಎಂದಳು. ನನ್ನ ಮುಖ ನೋಡಿ ಪಾಪ ಎನಿಸಿರಬೇಕು. "ಹೆಂಗಿತ್ರಿ ಅದು?"

ಹೇಳಿದೆ. ದಪ್ಪ ಎಲೆ, ಮೇಣದ ಹೊಳಪು, ಕತ್ತರಿಸಿದರೆ ಹಾಲು, ಬೋಳು ಕಡ್ಡಿ. ಆಕೆ ಲಕ್ಷ್ಯ ಕೊಟ್ಟು ಕೇಳಿದಳು. ಎಲ್ಲೋ ನೋಡಿದಂತಿದೆ ಎಂದು ತಲೆ ಕೆರೆದುಕೊಂಡು, "ಹೂ ಎಂಥಾವರಿ?" ಎಂದಳು.

ಕೈಯಲ್ಲಿ ಚಹಾದ ಕಪ್ಪು ಇತ್ತು. ಫೋನಿನಲ್ಲಿ ಒತ್ತಿದರೆ ನೂರು ಚಿತ್ರ ಬರುತ್ತವೆ, ಅದು ನನಗೆ ಗೊತ್ತು. ಇಷ್ಟು ವರ್ಷ ಒಂದನ್ನೂ ತೆಗೆದು ನೋಡಿಲ್ಲ.

"ಗೊತ್ತಿಲ್ಲವಾ. ನಾ ನೋಡಿಲ್ಲ," ಎಂದೆ.

ತಮ್ಮ ಬಳ್ಳಿ ಹೂ ಬಿಟ್ಟದ್ದನ್ನು ಬಾಯಾರು ನೋಡಿದರೋ ಇಲ್ಲವೋ, ಅದನ್ನು ಹೇಳುವವರು ಈಗ ಯಾರೂ ಇಲ್ಲ.